ಬಾಲ್ ಪೈಥಾನ್‌ಗೆ ಉಸಿರಾಟದ ಸೋಂಕು: ಗುಣವಾಗಿದ್ದು ಹೀಗೆ

"ಇನ್ನು ಆಸೆ ಬಿಡಿ" ಅಂದವರೇ ಈಗ ಏನು ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ನಾಲ್ಕು ವರ್ಷದ ಹೆಣ್ಣು ಬಾಲ್ ಪೈಥಾನ್, ಅಂದರೆ ಮನೆಯಲ್ಲಿ ಸಾಕುವ ಸಣ್ಣ ಜಾತಿಯ ಹೆಬ್ಬಾವು. ಮೊದಲು ಕೇಳಿಸಿದ್ದು ರಾತ್ರಿ ಹೊತ್ತು ಸಣ್ಣ ಟಿಕ್ ಟಿಕ್ ಸದ್ದು. ಪೊರೆ ಬಿಡುವ ಸಮಯ, ಮೂಗಲ್ಲಿ ಸಿಕ್ಕಿರಬೇಕು ಅಂದುಕೊಂಡೆ. ಪೊರೆ ಪೂರ್ತಿ ಕಳಚಿ ವಾರವಾದರೂ ಸದ್ದು ನಿಲ್ಲಲಿಲ್ಲ. ಆಮೇಲೆ ಇಲಿ ಮುಟ್ಟಲಿಲ್ಲ. ತಲೆ ಮೇಲೆತ್ತಿ ಗಾಜಿಗೆ ಒರಗಿಸಿಕೊಂಡೇ ಇರುತ್ತಿದ್ದಳು. ಬಾಯಿ ತೆರೆದು ಉಸಿರೆಳೆದಾಗ ಅಂಚಿನಲ್ಲಿ ಗುಳ್ಳೆ ಕಂಡಿತು. ನನ್ನ ಎದೆ ಧಸಕ್ ಅಂದಿತು. ಹಾವು ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲ್ಲ ಅಲ್ವಾ, ಒಳಗೇ ಕಟ್ಟಿಕೊಳ್ಳುತ್ತದೆ.

ಅವಳಿರುವ ಗಾಜಿನ ಟ್ಯಾಂಕ್ ಒಣಗಿಸಿ ಅಂತ ಕೆಲವರು ಅಂದರು. ತೇವಾಂಶ 40%ಕ್ಕೆ ಇಳಿಸಿದೆ. ಕಫ ಇನ್ನೂ ಗಟ್ಟಿಯಾಯಿತು. ಎರಡು ವಾರ ಸುಮ್ನೆ ಹೋಯಿತು. ನಂತರ ನಾಯಿ, ಬೆಕ್ಕು ನೋಡುವ ಡಾಕ್ಟರ್ ಅಂದಾಜಿನ ಮೇಲೆ ಕೊಟ್ಟ ಆಂಟಿಬಯಾಟಿಕ್. ಹತ್ತು ದಿನ ಹಾಕಿದರೂ ಏನೂ ಬದಲಾಗಲಿಲ್ಲ. ಅಷ್ಟರಲ್ಲಿ ಅರ್ಧ ತಿಂಗಳ ಸಂಬಳ ಕರಗಿತ್ತು.

ಕೊನೆಗೆ ಸರೀಸೃಪಗಳನ್ನೇ ನೋಡುವ ಡಾಕ್ಟರ್ ಹತ್ತಿರ ಹೋದೆ. ಶ್ವಾಸನಾಳದಿಂದ ಸ್ಯಾಂಪಲ್ ತೆಗೆದು ಕಲ್ಚರ್ ಮಾಡಿಸಿದರು, ಅಂದರೆ ಯಾವ ರೋಗಾಣು ಅಂತ ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು. ಹಳೆಯ ಔಷಧಿಗಿಂತ ಈ ಪರೀಕ್ಷೆಯೇ ದುಬಾರಿ. ಆದರೆ ಅಂದಾಜಿನ ಆಟ ಅಲ್ಲಿಗೇ ನಿಂತಿತು. ಬಂದಿದ್ದು ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಹೆಬ್ಬಾವುಗಳ ಉಸಿರಾಟಕ್ಕೆ ಕುತ್ತು ತರುವ ನಿಡೋವೈರಸ್ ಇರಲಿಲ್ಲ. ತೂಕ ನೋಡಿ ಸೆಫ್ಟಾಜಿಡೈಮ್ ಅನ್ನುವ ಆಂಟಿಬಯಾಟಿಕ್‌ನ ಡೋಸ್ ಲೆಕ್ಕ ಹಾಕಿಕೊಟ್ಟರು. 72 ಗಂಟೆಗೊಮ್ಮೆ, ದೇಹದ ಮುಂಭಾಗದ ಸ್ನಾಯುವಿಗೆ, ಒಟ್ಟು ಒಂಬತ್ತೋ ಹತ್ತೋ ಇಂಜೆಕ್ಷನ್. ಒಬ್ಬನೇ ಹಿಡಿದು ಚುಚ್ಚುವ ನನ್ನ ಪಟ್ಟನ್ನು ಇಲ್ಲಿ ಬರೆಯಲ್ಲ. ಅದನ್ನು ಡಾಕ್ಟರ್ ಎದುರು ಕೈಯಾರೆ ಮಾಡಿಯೇ ಕಲಿಯಬೇಕು.

ಔಷಧಿಯಷ್ಟೇ ದೊಡ್ಡ ಕೆಲಸ ಬಿಸಿಯದು. ಥರ್ಮೋಸ್ಟಾಟ್ 32 ಡಿಗ್ರಿ ತೋರಿಸುತ್ತಿತ್ತು. ಟೆಂಪರೇಚರ್ ಗನ್ ಹಿಡಿದರೆ ಅವಳು ಮಲಗುವ ಜಾಗದಲ್ಲಿ 26! ಥರ್ಮೋಸ್ಟಾಟ್‌ಗೆ ಬಿಸಿ ಅಳೆದು ಕೊಡುವ ಪ್ರೋಬ್ ಜಾರಿ ಹೀಟ್ ಮ್ಯಾಟ್‌ಗೆ ಅಂಟಿಕೊಂಡಿತ್ತು. ಎಷ್ಟು ತಿಂಗಳಿಂದಲೋ ಏನೋ. ಅದನ್ನು ಸರಿಮಾಡಿ ಬಿಸಿ ಕಡೆ 32, ತಂಪು ಕಡೆ 27 ನಿಲ್ಲಿಸಿದೆ. ರಾತ್ರಿಯೂ ಇಳಿಸಲಿಲ್ಲ. ತೇವಾಂಶ ಮತ್ತೆ 60%ಕ್ಕೆ ಏರಿಸಿದೆ. ಇದಕ್ಕೇ ಎಲ್ಲರೂ ಬೇಡ ಅಂತ ತಲೆ ಅಲ್ಲಾಡಿಸಿದ್ದು. ಗಾಳಿಯಲ್ಲಿ ತೇವ ಇರುವುದು ಬೇರೆ, ಹಾಸು ಒದ್ದೆಯಾಗಿರುವುದು ಬೇರೆ. ಗಾಳಿ ಆಡುವ ಕಿಂಡಿ ಮುಚ್ಚಲಿಲ್ಲ, ಹಾಸಾಗಿ ಪೇಪರ್ ಹಾಕಿ ದಿನಾ ಬದಲಿಸಿದೆ. ಈ ವಿಷಯದಲ್ಲಿ ನಾನು ಹೇಳಿದ್ದೇ ಸರಿಯಾಯಿತು.

ಇದರ ನಡುವೆ ಇನ್ನೊಂದು ಪ್ರಯೋಗ. ಪ್ರತಿ ರಾತ್ರಿ ಅವಳ ಮೂಗಿನ ಹತ್ತಿರ ಫೋನ್ ಹಿಡಿದು ಒಂದು ನಿಮಿಷ ಉಸಿರು ರೆಕಾರ್ಡ್ ಮಾಡಿದೆ. ದಿನದಿಂದ ದಿನಕ್ಕೆ ಫರಕೇ ಗೊತ್ತಾಗಲ್ಲ. ವಾರದ ಹಿಂದಿನದನ್ನು ಹಾಕಿ ಕೇಳಿದರೆ ಸ್ಪಷ್ಟ. ಡಾಕ್ಟರ್‌ಗೂ ಅದೇ ಜಾಸ್ತಿ ಉಪಯೋಗಕ್ಕೆ ಬಂತು.

ಐದನೇ ಇಂಜೆಕ್ಷನ್‌ಗೆ ಸದ್ದು ನಿಂತಿತು. ನಿಲ್ಲಿಸಿಬಿಡೋಣ ಅನ್ನಿಸಿತು, ನಿಲ್ಲಿಸಲಿಲ್ಲ. ಕೋರ್ಸ್ ಮುಗಿಸಿದೆ. 1,500 ಗ್ರಾಂ ಇದ್ದವಳು ಸುಮಾರು 1,300ಕ್ಕೆ ಇಳಿದಿದ್ದಳು. ಕೋರ್ಸ್ ಮುಗಿದು ಹನ್ನೆರಡು ದಿನಕ್ಕೆ ಚಿಕ್ಕ ಇಲಿ ಕೊಟ್ಟೆ, ತಕ್ಷಣ ಹಿಡಿದಳು. ಈಗ 1,450ರ ಆಸುಪಾಸು ಇದ್ದಾಳೆ. ಗದ್ದ ನೆಲಕ್ಕಿಟ್ಟು, ಬಾಯಿ ಮುಚ್ಚಿಕೊಂಡು ಮಲಗುತ್ತಾಳೆ.