ಹೊಸ ಮಡಚುವ ಚಾಕು: ಕಾರ್ಖಾನೆ ಕೊಟ್ಟ ಬಾಯಿಯನ್ನು ನಾನು ಪರೀಕ್ಷಿಸುವ ಬಗೆ

ಹೊಸ ಚಾಕು ಕೈಗೆ ಬಂದ ಕೂಡಲೇ ಮುಂಗೈ ಕೂದಲು ಬೋಳಿಸಿ ನೋಡುವವರೇ ಹೆಚ್ಚು. ಬೋಳಿಸಿದರೆ ಒಳ್ಳೆಯ ಚಾಕು, ಇಲ್ಲದಿದ್ದರೆ ದುಡ್ಡು ದಂಡ. ಆ ಪರೀಕ್ಷೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕಾರ್ಖಾನೆಯಲ್ಲಿ ಮಸೆದ ಬಾಯಿ ಹೇಗಿದ್ದರೂ ಮೊದಲ ಸಾಣೆಯಲ್ಲಿ ಹೊರಟುಹೋಗುವಂಥದ್ದು. ಮೊಂಡಾಗಿ ಬಂದಿದ್ದರೆ ಅರ್ಧ ಗಂಟೆಯ ಕೆಲಸ, ಅಷ್ಟೆ. ಅಲಗಿನ ದಪ್ಪ, ಅದರ ನೇರ, ಉಕ್ಕಿನ ಹದ, ಲಾಕ್ ಕೂರುವ ರೀತಿ, ಇವು ಮನೆಯಲ್ಲಿ ಸುಲಭವಾಗಿ ತಿದ್ದಲಾಗದವು. ಹದ ತಿಳಿಯಲು ಮಾತ್ರ ಕೆಲವು ಸಾಣೆ ಕಾಯಬೇಕು, ಉಳಿದವನ್ನು ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ ನೋಡಬೇಕು. ಅದಕ್ಕೇ ಮೊದಲ ದಿನ ನಾನು ಒಂದು ಕಾಗದವನ್ನೂ ಕೊಯ್ಯುವುದಿಲ್ಲ. ಬಳಸಿದ ಗುರುತು ಬಿದ್ದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದು ಕಷ್ಟ.

ಲಾಕಿನಿಂದ ಶುರು ಮಾಡುತ್ತೇನೆ. ಲೈನರ್ ಲಾಕ್ ಇರುವ ಚಾಕುವಿನಲ್ಲಿ ಅಲಗು ಪೂರ್ತಿ ತೆರೆದಾಗ ಹಿಡಿಯೊಳಗಿನ ತಗಡು ಸರಿದು ಅಲಗಿನ ಬುಡದ ಹಿಂದೆ ನಿಲ್ಲುತ್ತದೆ. ಬುಡದ ದಪ್ಪದಲ್ಲಿ ಎಷ್ಟು ಭಾಗವನ್ನು ಅದು ಆವರಿಸಿದೆ ಎಂದು ಅಳೆಯಬೇಕು. ಹೊಸದರಲ್ಲಿ ಶೇ. 30ರಿಂದ 50 ಇದ್ದರೆ ನೆಮ್ಮದಿ. ಶೇ. 20ಕ್ಕಿಂತ ಕಡಿಮೆಯಾದರೆ ಒತ್ತಡ ಬಿದ್ದಾಗ ಜಾರುವ ಭಯ, ಶೇ. 70 ದಾಟಿದ್ದರೆ ಸವೆಯಲು ಮುಂದೆ ಜಾಗವೇ ಉಳಿದಿಲ್ಲ ಎಂದರ್ಥ. ಇಪ್ಪತ್ತು ಸಲ ತೆರೆಯುತ್ತೇನೆ, ಹತ್ತು ಸಲ ಮೆಲ್ಲಗೆ, ಹತ್ತು ಸಲ ಜೋರಾಗಿ. ಪ್ರತಿ ಸಲವೂ ತಗಡು ಹೆಚ್ಚುಕಡಿಮೆ ಅದೇ ಜಾಗದಲ್ಲಿ ನಿಲ್ಲಬೇಕು.

ಆಮೇಲೆ ಅಲುಗಾಟ. ಅಲಗು ಎಡಬಲಕ್ಕೆ ಅಲ್ಲಾಡಿದರೆ ಗಾಬರಿ ಬೇಡ, ಅಲಗು ತಿರುಗುವ ಕೀಲಿನ ಪಿವಟ್ ಸ್ಕ್ರೂ ಸಡಿಲವಾಗಿರುತ್ತದೆ. ಹೊಂದುವ ಟಾರ್ಕ್ಸ್ ಬಿಟ್ (ನಕ್ಷತ್ರದಾಕಾರದ ತುದಿ) ಹಾಕಿ (ಸಾಮಾನ್ಯವಾಗಿ ಟಿ-8) ಎಂಟನೇ ಒಂದು ಸುತ್ತು ತಿರುಗಿಸಿ ನೋಡಿದರೆ ಸಾಕು. ಮೇಲೆ ಕೆಳಗೆ ಅಲ್ಲಾಡಿದರೆ ಮಾತ್ರ ಅದು ಲಾಕಿನ ಮುಖವನ್ನೇ ತಪ್ಪಾಗಿ ಉಜ್ಜಿದ ದೋಷ. ಯಾವ ಸ್ಕ್ರೂ ತಿರುಗಿಸಿದರೂ ಹೋಗದು. ಅಂಥದ್ದನ್ನು ಮುಂದೆ ನೋಡದೆ ವಾಪಸು ಕಳಿಸಿಬಿಡಿ. ಲಾಕ್ ಪರೀಕ್ಷಿಸಲು ಚಾಕುವಿನ ಬೆನ್ನನ್ನು ಮೇಜಿಗೆ ಬಡಿಯುವವರಿದ್ದಾರೆ. ಒಳ್ಳೆಯ ಲಾಕನ್ನೂ ಕೆಡಿಸುವ ದಾರಿ ಅದು. ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇಲ್ಲದಂತೆ ಹಿಡಿದು, ಬೆನ್ನನ್ನು ಮರದ ತುಂಡಿಗೆ ಒತ್ತಿದರೆ ಬೇಕಾದ್ದು ತಿಳಿಯುತ್ತದೆ.

ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಇರಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ತಗಡಿಗೆ ಉಜ್ಜದಿದ್ದರೆ ಕೂದಲೆಳೆಯಷ್ಟು ಓರೆಯಿಂದ ಏನೂ ಆಗದು. ಅಲಗೇ ಡೊಂಕಾಗಿದ್ದರೆ ಬೇರೆ ಮಾತು. ಮೊನೆಯನ್ನು ಕಣ್ಣಿನ ಕಡೆಗೆ ತೋರಿಸಿಕೊಳ್ಳದೆ, ಹಿಡಿಯ ಕಡೆಯಿಂದ ಬಾಯಿಯ ಗೆರೆಯುದ್ದಕ್ಕೂ ನೋಟ ಹರಿಸಿ, ಬಡಗಿ ಹಲಗೆಯ ನೇರ ನೋಡಿದ ಹಾಗೆ. ಕಾಯಿಸಿ ತಣಿಸುವಾಗ ಬಂದ ಬಾಗು ಇಲ್ಲಿ ಕಾಣುತ್ತದೆ. ಬಾಗಿದ ಅಲಗಿನಲ್ಲಿ ಒಂದು ಬದಿಯ ಮಸೆದ ಪಟ್ಟಿ, ಅಂದರೆ ಬಾಯಿಗೆ ತಾಗಿದ ಕಿರಿದಾದ ಇಳಿಜಾರು, ನಡುವೆ ಅಗಲ, ಇನ್ನೊಂದು ಬದಿಯದು ಅದೇ ಜಾಗದಲ್ಲಿ ಕಿರಿದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಅಳತೆ: ಬಾಯಿಯ ಹಿಂದಿನ ದಪ್ಪ. ಮಸೆದ ಪಟ್ಟಿ ಮುಗಿದು ಅಲಗಿನ ಮೈ ಶುರುವಾಗುವ ಅಂಚಿನಲ್ಲಿ ವರ್ನಿಯರ್ ಕ್ಯಾಲಿಪರ್‌ನ ದವಡೆಗಳನ್ನು ಹಗುರವಾಗಿ ತಾಗಿಸಿ ಓದಬೇಕು. ಬುಡ, ನಡು, ಮೊನೆಯ ಹತ್ತಿರ, ಹೀಗೆ ಮೂರು ಕಡೆ. ಜೇಬಿನ ಚಾಕುವಿಗೆ 0.3ರಿಂದ 0.5 ಮಿ.ಮೀ. ಚೆನ್ನ. 0.7 ದಾಟಿದರೆ ಬಾಯಿ ಎಷ್ಟೇ ಹರಿತವಿರಲಿ, ರಟ್ಟಿನಲ್ಲಿ ಬೆಣೆ ಹೊಡೆದಂತೆ ಸಿಕ್ಕಿಕೊಳ್ಳುತ್ತದೆ. ಸೇಬು ಕೊಯ್ಯುವ ಬದಲು ಚಟ್ಟೆಂದು ಸೀಳುತ್ತದೆ. ‘ಕೂದಲು ಬೋಳಿಸುತ್ತೆ, ಆದ್ರೆ ಏನೂ ಕೊಯ್ಯಲ್ಲ’ ಎಂಬ ದೂರಿನ ಮೂಲ ಬಹಳ ಸಲ ಇದೇ. ತೆಳುಮಾಡಬೇಕೆಂದರೆ ಅಲಗಿನ ಇಡೀ ಮೈಯನ್ನೇ ಉಜ್ಜಬೇಕು, ಗಂಟೆಗಟ್ಟಲೆ.

ದಪ್ಪ ಗೊತ್ತಾದ ಮೇಲೆ ಕೋನವನ್ನು ಲೆಕ್ಕ ಹಾಕಬಹುದು, ಯಂತ್ರ ಬೇಕಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಒಳಗೆ 0.1 ಮಿ.ಮೀ. ಗೆರೆಗಳಿರುವ ಭೂತಗನ್ನಡಿಯಲ್ಲಿ ಪಟ್ಟಿಯ ಅಗಲ ಓದಿ. ದಪ್ಪದ ಅರ್ಧವನ್ನು ಆ ಅಗಲದಿಂದ ಭಾಗಿಸಿದರೆ ಸಿಗುವುದು ಒಂದು ಬದಿಯ ಕೋನದ ಸೈನ್. ದಪ್ಪ 0.5, ಪಟ್ಟಿ 0.73 ಇದ್ದರೆ ಬದಿಗೆ 20 ಡಿಗ್ರಿ. ಅದೇ ದಪ್ಪಕ್ಕೆ ಒಂದು ಬದಿಯಲ್ಲಿ 0.6, ಇನ್ನೊಂದರಲ್ಲಿ 0.9 ಬಂದರೆ ಅಂದಾಜು 25 ಮತ್ತು 16 ಡಿಗ್ರಿ. ಇಂಥ ಚಾಕು ಮೊಂಡಲ್ಲ, ಆದರೆ ದಪ್ಪ ರಟ್ಟನ್ನು ನೇರ ಕೊಯ್ಯಲು ಹೋದರೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಮೊನೆಯ ಹತ್ತಿರ ಪಟ್ಟಿ ಅಗಲವಾಗುವುದು ಸಾಮಾನ್ಯ, ಅಲ್ಲಿ ಅಲಗು ದಪ್ಪವಾಗಿರುತ್ತದೆ. ಬುಡದ ಕೊನೆಯ ಎರಡು ಮೂರು ಮಿ.ಮೀ. ಮಸೆಯದೇ ಉಳಿಯುವುದೂ ಸಾಮಾನ್ಯ, ಬೆಲ್ಟ್ ಅಲ್ಲಿಗೆ ತಲುಪುವುದಿಲ್ಲ. ಇವೆರಡೂ ಕಣ್ಣಿಗೆ ಚುಚ್ಚುತ್ತವೆಯೇ ಹೊರತು ದೊಡ್ಡ ದೋಷವಲ್ಲ.

ಇಷ್ಟರಲ್ಲಿ ಪಾಸಾದ ಚಾಕುವಿನ ಬಾಯಿಯನ್ನು ಈಗ ನೋಡಬಹುದು. ಎಣ್ಣೆ ಒರೆಸಿ, ಬಾಯಿ ಮೇಲೆ ಮಾಡಿ ದೀಪದಡಿ ಹಿಡಿಯುತ್ತೇನೆ. ಹರಿತ ಬಾಯಿ ಬೆಳಕನ್ನು ತಿರುಗಿಸುವುದಿಲ್ಲ. ಎಲ್ಲಿ ಬಿಳಿ ಚುಕ್ಕೆ ಮಿನುಗುತ್ತದೋ ಅಲ್ಲಿ ಮೊಂಡು ಅಥವಾ ಮುಕ್ಕು. ನಂತರ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ, ಹೊರಕ್ಕೆ, ಎರಡೂ ಬದಿಯಲ್ಲಿ ಸವರುವುದು. ಒಂದು ಬದಿಯಲ್ಲಿ ಮಾತ್ರ ಬೆರಳಿಗೆ ತೊಡರಿದರೆ ಬರ್ ಉಳಿದಿದೆ.

ಹೊಸ ಚಾಕು ಮೋಸ ಮಾಡುವುದು ಈ ಬರ್‌ನಿಂದಲೇ. ಮಸೆದಾಗ ಎದ್ದ ಲೋಹದ ತೆಳುಪೊರೆ ನೆಟ್ಟಗೆ ನಿಂತಿದ್ದರೆ ಕೂದಲು ಬೋಳಿಸುತ್ತದೆ, ಕಾಗದ ಸರ್ರನೆ ಕೊಯ್ಯುತ್ತದೆ. ಎರಡು ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ಮಡಚಿ ಮುರಿದು ಹೋಗುತ್ತದೆ. ಪತ್ತೆ ಹಚ್ಚಲು ನಾನು ಬಳಸುವುದು ಎಟಿಎಂ ಚೀಟಿ ಮತ್ತು ಒಂದು ಪ್ಯಾಕಿಂಗ್ ಮರದ ತುಂಡು. ಚೀಟಿಯನ್ನು ಬುಡದಿಂದ ಮೊನೆಯವರೆಗೆ ಒಮ್ಮೆ ಕೊಯ್ದು, ಮರದ ಎಳೆಗೆ ಅಡ್ಡಲಾಗಿ ಐದು ಸಲ ಹಗುರವಾಗಿ ಎಳೆದು, ಮತ್ತೆ ಚೀಟಿ. ಎರಡನೇ ಸಲವೂ ಹಾಗೇ ಕೊಯ್ದರೆ ನಿಜವಾದ ಬಾಯಿ. ಹರಿದರೆ ಅದು ಬರ್.

ಅಂಕಿ ಬೇಕೆನ್ನುವವರಿಗೆ: 0.2 ಮಿ.ಮೀ. ನೈಲಾನ್ ದಾರವನ್ನು ಸಣ್ಣ ಚೌಕಟ್ಟಿಗೆ ಬಿಗಿದು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, ಚಾಕುವನ್ನು ಎಳೆಯದೆ ನೇರ ಕೆಳಕ್ಕೆ ಒತ್ತಿ, ದಾರ ತುಂಡಾಗುವಾಗಿನ ಗ್ರಾಂ ಬರೆದುಕೊಳ್ಳಿ. ಹೊಸ ಶೇವಿಂಗ್ ಬ್ಲೇಡಿನಿಂದ ಒಮ್ಮೆ ಮಾಡಿ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಅಲಗಿನ ಮೂರು ಜಾಗ, ಪ್ರತಿಯೊಂದರಲ್ಲೂ ಮೂರು ಸಲ. ದಾರದ ಬಿಗಿ ಬದಲಾದರೆ ಅಂಕಿಯೂ ಬದಲಾಗುತ್ತದೆ, ಹಾಗಾಗಿ ಬೇರೆಯವರ ಅಂಕಿಯೊಂದಿಗೆ ಹೋಲಿಸಬೇಡಿ. ಬಾಯಿ ಎಷ್ಟು ಕಾಲ ತಾಳುತ್ತದೆ ಎಂಬುದಕ್ಕೆ ಉದ್ಯಮದಲ್ಲಿ ಐಎಸ್‌ಒ 8442-5 ಎಂಬ ಬೇರೆ ಪರೀಕ್ಷೆಯೇ ಇದೆ: ಶೇ. 5 ಸಿಲಿಕಾ ಸೇರಿಸಿದ ಕಾರ್ಡನ್ನು ಯಂತ್ರ ಕೊಯ್ಯುತ್ತಾ ಹೋಗುತ್ತದೆ. ಮೊದಲ ಹರಿತಕ್ಕೆ ಒಂದು ಅಂಕಿ, ತಾಳಿಕೆಗೆ ಇನ್ನೊಂದು. ಇವೆರಡೂ ಒಂದೇ ಅಲ್ಲ ಎಂದು ಆ ಪರೀಕ್ಷೆಯೇ ಒಪ್ಪಿಕೊಂಡಂತೆ.

ಒಂದೇ ಮಾಡೆಲ್, ಒಂದೇ ಬೆಲೆ, ಒಬ್ಬರಿಗೆ ಬಂದದ್ದು ಕ್ಷೌರದ ಕತ್ತಿ, ಇನ್ನೊಬ್ಬರಿಗೆ ಬೆಣ್ಣೆ ಹಚ್ಚುವ ಚಾಕು. ಏಕೆ? ಅಲಗು ಕತ್ತರಿಸುವುದು, ಮೈ ಉಜ್ಜುವುದು ಯಂತ್ರದಿಂದ ಆದರೂ ಅನೇಕ ಕಾರ್ಖಾನೆಗಳಲ್ಲಿ ಕೊನೆಯ ಬಾಯಿ ಕೊಡುವುದು ಮನುಷ್ಯನ ಕೈ, ಓಡುವ ಬೆಲ್ಟಿನ ಮೇಲೆ. ಕೋನ ಅವನ ಮಣಿಕಟ್ಟಿನಲ್ಲಿದೆ. ಬೆಲ್ಟ್ ಸವೆದಂತೆ ಕೊಯ್ಯುವುದು ಬಿಟ್ಟು ಬಿಸಿ ಮಾಡತೊಡಗುತ್ತದೆ. ಇನ್ನು ತಪಾಸಣೆ ಸ್ಯಾಂಪಲ್ ಲೆಕ್ಕದ್ದು. ಗ್ರಾಹಕ ಸರಕಿಗೆ ಹೆಚ್ಚಾಗಿ ಬಳಸುವ ಐಎಸ್‌ಒ 2859-1 ಕೋಷ್ಟಕದಂತೆ, ಸಾವಿರ ಚಾಕುಗಳ ಲಾಟಿನಿಂದ 80 ತೆಗೆದು ನೋಡುತ್ತಾರೆ, ದೋಷದ ಮಿತಿ ಶೇ. 2.5 ಎಂದಿಟ್ಟುಕೊಂಡರೆ ಅದರಲ್ಲಿ 5 ಕೆಟ್ಟಿದ್ದರೂ ಇಡೀ ಲಾಟ್ ಪಾಸು, 6 ಆದರೆ ಫೇಲು. ಮೊಂಡು ಬಾಯಿಯನ್ನು ‘ಸಣ್ಣ ದೋಷ’ದ ಸಾಲಿಗೆ ಹಾಕಿ ಮಿತಿ ಇನ್ನೂ ಸಡಿಲಿಸಿದ್ದರೆ ಕೇಳುವುದೇ ಬೇಡ.

ಬೆಲ್ಟಿನ ಬಿಸಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಚಾಕು ಉಕ್ಕಿಗೆ ಹದ ಕೊಡುವಾಗ ಕೊನೆಯಲ್ಲಿ ಮತ್ತೆ ಕಾಯಿಸುವುದು ಹೆಚ್ಚಾಗಿ 150ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ನೀರಿಲ್ಲದ ಬೆಲ್ಟಿನಲ್ಲಿ ಬಾಯಿಯ ತೀರಾ ತೆಳುವಾದ ಗೆರೆ ಕ್ಷಣದಲ್ಲಿ ಅದನ್ನು ದಾಟುತ್ತದೆ. ಅಲಗಿನ ಮೈ ಮುಟ್ಟಿದರೆ ತಣ್ಣಗೇ ಇರುತ್ತದೆ, ಬಾಯಿ ಮಾತ್ರ ಮೆತ್ತಗಾಗಿರುತ್ತದೆ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಬಣ್ಣ ಕಾಣಿಸಿಕೊಳ್ಳುವುದು ಇನ್ನೂ ಹೆಚ್ಚಿನ ಶಾಖಕ್ಕೆ, ಆದ್ದರಿಂದ ನೀಲಿ ಕಲೆ ಇಲ್ಲ ಎಂದು ನಂಬಿ ಕೂರಬಾರದು. ‘ಈ ಉಕ್ಕು ಹರಿತ ಹಿಡಿಯಲ್ಲ’ ಎಂದು ಮೊದಲ ವಾರದಲ್ಲೇ ತೀರ್ಪು ಕೊಡುವವರು ಎರಡು ಮೂರು ಸಾಣೆ ಆಗುವವರೆಗೆ ಕಾಯಬೇಕು. ಮೆತ್ತಗಾದ ಭಾಗ ಸವೆದು ಹೋದ ಮೇಲೆ ಅದೇ ಚಾಕು ಬೇರೆಯಾಗಿ ವರ್ತಿಸುತ್ತದೆ. ಆಗಲೂ ತಾಳದಿದ್ದರೆ ಹದವೇ ತಪ್ಪಿದೆ.

ಹಾಗಾಗಿ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದ ಚಾಕುವಿನ ಕಾರ್ಖಾನೆ ಬಾಯಿಯನ್ನು ನಾನೇ ತೆಗೆದುಬಿಡುತ್ತೇನೆ. ನಯವಾದ ಮಸೆಗಲ್ಲನ್ನೇ ಕೊಯ್ಯುವ ಹಾಗೆ ಅಲಗನ್ನು ನೆಟ್ಟಗೆ ಹಿಡಿದು ಎರಡು ಮೂರು ಸಲ ಹಗುರವಾಗಿ ಎಳೆದರೆ ಬರ್ ಮತ್ತು ಸೋತ ಲೋಹ ಹೋಗಿ, ಬಾಯಿಯುದ್ದಕ್ಕೂ ಬೆಳಕಿನ ಗೆರೆ ಮೂಡುತ್ತದೆ. ಆ ಗೆರೆ ಮಾಯವಾಗುವವರೆಗೆ 400 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ನಯ) ಡೈಮಂಡ್ ಪ್ಲೇಟ್, ಆಮೇಲೆ 1000, ಕೊನೆಗೆ 1 ಮೈಕ್ರಾನ್ ಡೈಮಂಡ್ ಪೇಸ್ಟ್ ಹಚ್ಚಿದ ತೊಗಲು.

ಕೋನಕ್ಕೆ ನಾಣ್ಯಗಳನ್ನು ಪೇರಿಸಿ ಅದರ ಮೇಲೆ ಬೆನ್ನು ಇಡುವ ಉಪಾಯ ಸರಿಯೇ, ಲೆಕ್ಕದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. 24 ಮಿ.ಮೀ. ಅಗಲದ ಅಲಗಿಗೆ 17 ಡಿಗ್ರಿ ಬೇಕಾದರೆ ಬೆನ್ನಿನ ಎತ್ತರ 7 ಮಿ.ಮೀ. ಆದರೆ ಆ 7 ಬೆನ್ನಿನ ನಡುಗೆರೆಗೆ. ಬೆನ್ನು 3 ಮಿ.ಮೀ. ದಪ್ಪವಿದ್ದರೆ ನಾಣ್ಯ ತಾಗುವ ಕೆಳಮೂಲೆ ಸುಮಾರು 1.4 ಕೆಳಗಿರುತ್ತದೆ, ಆದ್ದರಿಂದ ಪೇರಿಸಬೇಕಾದ್ದು 5.6 ಮಾತ್ರ. ಮರೆತು 7 ಪೇರಿಸಿದರೆ 17ರ ಬದಲು 20 ಡಿಗ್ರಿ ದಾಟುತ್ತದೆ. ಪಟ್ಟಿಗೆ ಮಾರ್ಕರ್ ಪೆನ್ ಬಳಿದು ಎರಡು ಸಲ ಎಳೆದು ನೋಡಿ: ಬಣ್ಣ ಮೇಲಂಚಿನಲ್ಲಿ ಮಾತ್ರ ಹೋದರೆ ಕೋನ ಕಡಿಮೆ, ಬಾಯಿಯ ಹತ್ತಿರ ಮಾತ್ರ ಹೋದರೆ ಹೆಚ್ಚು.

ಬರ್ ತೆಗೆಯುವಾಗ ಕಲ್ಲನ್ನು ತಕ್ಕಡಿಯ ಮೇಲಿಟ್ಟೇ ಉಜ್ಜುವುದು ಒಳ್ಳೆಯ ಅಭ್ಯಾಸ. ಬದಿಗೆ ಐದು, ಮೂರು, ಒಂದು, ಒಂದು, ಒಂದು ಎಳೆತ. ಒತ್ತಡ 150 ಗ್ರಾಂ ದಾಟಬಾರದು. ಕೈಗೆ ಹಗುರ ಎನಿಸಿದ್ದು ತಕ್ಕಡಿಯಲ್ಲಿ ಅರ್ಧ ಕಿಲೋ ತೋರಿಸುತ್ತದೆ, ಬರ್ ಆ ಬದಿಯಿಂದ ಈ ಬದಿಗೆ ಮಗುಚುತ್ತಲೇ ಇರುವುದು ಅದಕ್ಕೇ.

ಎಸ್30ವಿ ಥರದ ವೆನೇಡಿಯಂ ಉಕ್ಕಿಗೆ ಸಾಮಾನ್ಯ ಸಾಣೆಕಲ್ಲು ಸಾಲದು, ಅದರ ಕಾರ್ಬೈಡ್ ಕಣಗಳು ಕಲ್ಲಿನ ಅಲ್ಯೂಮಿನಾಕ್ಕಿಂತ ಗಟ್ಟಿ, ಡೈಮಂಡೇ ಬೇಕು. ಡಿ2 ಉಕ್ಕಿನಲ್ಲಿ ಕ್ರೋಮಿಯಂ ಶೇ. 12ರಷ್ಟಿದ್ದರೂ ಅದರಲ್ಲಿ ಒಳ್ಳೆಯ ಪಾಲು ಕಾರ್ಬೈಡಿನಲ್ಲಿ ಸಿಕ್ಕಿಕೊಂಡಿರುವುದರಿಂದ ಕರಾವಳಿಯ ಹವೆಗೆ ಚುಕ್ಕಿ ತುಕ್ಕು ಬರುತ್ತದೆ. ಬಾಯಿಗೆ ಒಂದು ಹನಿ ತೆಳುವಾದ ಎಣ್ಣೆ ಇರಲಿ. ಫ್ರಾನ್ಸಿನ ಮರದ ಹಿಡಿಯ ಒಪಿನೆಲ್ ಚಾಕು ಮಳೆಗಾಲದಲ್ಲಿ ತೆರೆಯಲು ಬಿಗಿಯಾದರೆ ತಯಾರಿಕೆಯ ದೋಷವೆಂದುಕೊಳ್ಳಬೇಡಿ, ಬೀಚ್ ಮರದ ಹಿಡಿ ತೇವ ಹೀರಿ ಉಬ್ಬಿದೆ ಅಷ್ಟೆ.

ಲಾಕ್ ಇಲ್ಲದ, ಬೆನ್ನಿನ ಸ್ಪ್ರಿಂಗ್ ಮೇಲೆ ನಿಲ್ಲುವ ಹಳೆಯ ಬಗೆಯ ಚಾಕುಗಳಲ್ಲಿ ಇನ್ನೊಂದು ಪೀಡೆ ಇದೆ. ಎಷ್ಟು ಸಲ ಮಸೆದರೂ ಬಾಯಿಯ ಅದೇ ಒಂದು ಜಾಗ ಮತ್ತೆ ಮೊಂಡಾಗುತ್ತದೆ. ಅಲಗು ಟಪ್ಪೆಂದು ಮಡಚಿಕೊಂಡಾಗ ಬಾಯಿ ಒಳಗಿನ ಸ್ಪ್ರಿಂಗ್‌ಗೆ ಬಡಿಯುತ್ತಿರುತ್ತದೆ. ಸ್ಪ್ರಿಂಗ್‌ನ ಒಳಮೈಗೆ ಮಾರ್ಕರ್ ಬಳಿದು, ಮಾಮೂಲಿನಂತೆ ಮಡಚಿ, ತೆರೆದು ನೋಡಿ. ಗೀರು ಬಿದ್ದಿದ್ದರೆ ಖಾತ್ರಿ. ಹೊಸದಾಗಿದ್ದರೆ ಬದಲಿ ಕೇಳಿ. ಇಟ್ಟುಕೊಳ್ಳುವುದಾದರೆ ಕೈಬಿಡದೆ ಮೆಲ್ಲಗೆ ಮಡಚುವ ರೂಢಿ ಮಾಡಿಕೊಂಡು, ಆ ಜಾಗದಲ್ಲಿ ಬಾಯಿಯನ್ನು ಒಂದೆರಡು ಕೂದಲೆಳೆಯಷ್ಟು ತಗ್ಗಿಸಿ ಮಸೆದರೆ ಬಡಿತ ನಿಲ್ಲುತ್ತದೆ. ಅಲಗಿನ ಬುಡದಲ್ಲಿ ಸ್ಪ್ರಿಂಗ್ ಮೇಲೆ ಕೂರುವ ಸಣ್ಣ ಉಬ್ಬನ್ನು ಮಾತ್ರ ಅರದಿಂದ ಮುಟ್ಟಬೇಡಿ, ಅದು ತಗ್ಗಿದಷ್ಟೂ ಅಲಗು ಇನ್ನೂ ಒಳಕ್ಕೆ ಇಳಿಯುತ್ತದೆ.