ಸ್ವೀಟ್ಸ್ ಇಟ್ಕೊಂಡು ಸ್ಟಿಲ್ ಲೈಫ್ ಮಾಡೋದು ಹೇಗೆ

ಸ್ಟಿಲ್ ಲೈಫ್ ಅಂದ್ರೆ ವಸ್ತುಗಳನ್ನ ಎದುರಿಗೆ ಜೋಡಿಸಿಟ್ಟು ನೋಡ್ಕೊಂಡು ಚಿತ್ರ ಬರೆಯೋದು. ನಮ್ಮ ಸ್ವೀಟ್ಸ್ ಪೇಂಟ್ ಮಾಡೋದ್ರಲ್ಲಿ ಒಂದು ತಾಪತ್ರಯ ಇದೆ, ಮೈಸೂರ್ ಪಾಕ್, ಲಾಡು, ಪೇಡ, ಜಿಲೇಬಿ ಎಲ್ಲಾ ಹಳದಿಗೂ ಕಂದಿಗೂ ಮಧ್ಯದಲ್ಲೇ ಓಡಾಡೋವು, ಎಲ್ಲಾನೂ ಒಂದೇ ತಟ್ಟೇಲಿ ಗುಡ್ಡೆ ಹಾಕಿದ್ರೆ ಚಿತ್ರದಲ್ಲಿ ಹಳದಿ ಮುದ್ದೆ ಬಿಟ್ರೆ ಏನೂ ಕಾಣಲ್ಲ. ಅದಕ್ಕೇ ಬಣ್ಣ ನೋಡಿ ಆರಿಸ್ಬೇಡಿ, ಆಕಾರ ನೋಡಿ, ಮೈ ನೋಡಿ. ಚೌಕದ್ದು ಒಂದು ಮೈಸೂರ್ ಪಾಕ್, ಪಾಕ ಹೊಳೀತಿರೋ ಜಿಲೇಬಿ, ಸಕ್ಕರೇಲಿ ಹೊರಳಿಸಿರೋ ಧಾರವಾಡ ಪೇಡ, ಈ ಮೂರು ಸಾಕು. ಮೈಸೂರ್ ಪಾಕ್ ಮಾತ್ರ ತೂತು ತೂತಾಗಿರೋ ಗಟ್ಟಿ ತರದ್ದೇ ತನ್ನಿ, ತುಪ್ಪ ಸೋರೋ ಮೆತ್ತಂದು ತಿನ್ನೋಕೆ ಚೆನ್ನ, ಪೇಂಟ್ ಮಾಡೋಕೆ ಅದ್ರಲ್ಲಿ ಹಿಡಿಯೋಕೆ ಏನೂ ಸಿಗಲ್ಲ. ಒಂದು ಪೀಸ್ ಮುರಿದು ಮುಂದೆ ಇಡಿ, ಒಳಗೆ ಬಿಸಿ ಜಾಸ್ತಿ ಹೊತ್ತು ಉಳಿದು ಕೆಂಪಗಾಗಿರತ್ತಲ್ಲ, ಆ ಮಧ್ಯದ ಪಟ್ಟಿ ಕಾಣ್ಲಿ.

ಟ್ಯೂಬ್‌ಲೈಟ್ ಆಫ್ ಮಾಡಿ. ಒಂದೇ ಕಿಟಕಿ, ಪಕ್ಕದಿಂದ ಬೆಳಕು, ಅಷ್ಟೇ. ಉತ್ತರದ ಕಿಟಕಿ ಇದ್ರೆ ಅದೃಷ್ಟ, ಬೇಸಿಗೆ ಬಿಟ್ರೆ ನೇರ ಬಿಸಿಲು ಅಷ್ಟಾಗಿ ಬೀಳಲ್ಲ, ಆಗ ನೆರಳೂ ಬೇಗ ಜಾಗ ಬದಲಾಯಿಸಲ್ಲ. ಕೆಳಗೆ ಬೂದು ನೀಲಿ ಬಟ್ಟೆ ಹಾಸಿದ್ರೆ ಹಳದಿ ತಾನಾಗೇ ಎದ್ದು ಬರತ್ತೆ. ಬಾಳೆ ಎಲೆ ಬೇಡ ಅಂತೀನಿ ನಾನು, ಫೋಟೋಗೆ ಚೆಂದ ಆದ್ರೆ ಪೇಂಟಿಂಗಲ್ಲಿ ಆ ಹಸಿರು ಸ್ವೀಟನ್ನೇ ನುಂಗಿ ಹಾಕತ್ತೆ.

ಇಡೋವಾಗ ಒಂದರ ಹಿಂದೆ ಒಂದು ಸ್ವಲ್ಪ ಮರೆಯಾಗ್ಲಿ, ಇಲ್ಲಾ ಪೂರ್ತಿ ದೂರ ಇರ್ಲಿ. ಎರಡರ ಅಂಚು ಬರೀ ತಾಗಿ ನಿಂತ್ರೆ ಯಾವುದು ಮುಂದೆ ಯಾವುದು ಹಿಂದೆ ಗೊತ್ತೇ ಆಗಲ್ಲ. ಸಾಲಾಗೂ ಇಡಬಹುದು, ಅಮೆರಿಕದ ಚಿತ್ರಕಾರ ವೇಯ್ನ್ ಟೀಬೋ 1963ರಲ್ಲಿ ಬರೆದ ಕೇಕುಗಳ ಚಿತ್ರ ಹುಡುಕಿ ನೋಡಿ, ಒಂದೊಂದು ಕೇಕೂ ಬಿಡಿಬಿಡಿಯಾಗಿ ನಿಂತಿದೆ, ನೆರಳೆಲ್ಲಾ ನೀಲಿ, ಬಣ್ಣ ಕ್ರೀಮ್ ಸವರಿದ ಹಾಗೆ ದಪ್ಪ. ಪೇಡಾನ ಹಂಗೇ ಸಾಲಾಗಿಟ್ಟು ನೆರಳಿಗೆ ಅಲ್ಟ್ರಾಮರೀನ್ ಅನ್ನೋ ಗಾಢ ನೀಲಿ ಹಾಕಿ ನೋಡಿ, ಕಪ್ಪು ಮಾತ್ರ ಮುಟ್ಟಬೇಡಿ.

ಆಮೇಲೆ ರಟ್ಟಲ್ಲಿ ಪೇಪರ್ ಉದ್ದ ಅಗಲದ ಅನುಪಾತದಲ್ಲೇ ಒಂದು ಚಿಕ್ಕ ಕಿಟಕಿ ಕತ್ತರಿಸಿ, ಅದ್ರಲ್ಲಿ ನೋಡ್ತಾ ಬೆಂಕಿಪೊಟ್ಟಣದಷ್ಟು ಸೈಜಲ್ಲಿ ಮೂರ್ನಾಲ್ಕು ಸ್ಕೆಚ್ ಮಾಡಿ, ಕಣ್ಣು ಅರ್ಧ ಮುಚ್ಚಿ ನೋಡಿದ್ರೆ ಗಾಢ ಎಲ್ಲಿ ತಿಳಿ ಎಲ್ಲಿ ಅಂತ ಗೊತ್ತಾಗತ್ತೆ. ಫೋನಲ್ಲಿ ಒಂದು ಫೋಟೋನೂ ತೆಗೆದಿಟ್ಕೊಳ್ಳಿ, ಮನೇಲಿ ಮಕ್ಕಳಿದ್ರೆ ಯಾಕೆ ಅಂತ ಹೇಳ್ಬೇಕಾಗಿಲ್ಲ. ಇರುವೆಗೆ, ಟೇಬಲ್ ಕಾಲುಗಳನ್ನ ನೀರಿನ ಬಟ್ಟಲಲ್ಲಿ ಇಡಿ.

ವಾಟರ್‌ಕಲರ್ ಆದ್ರೆ ಜಿಲೇಬಿ ಹೊಳಪಿಗೆ ಪೇಪರ್ ಬಿಳೀನೇ ಬಿಟ್ಬಿಡಿ, ಅಕ್ರಿಲಿಕ್ ಆದ್ರೆ ಎಲ್ಲಾ ಮುಗಿದ ಮೇಲೆ ಕೊನೇಲಿ ಬಿಳಿ ಇಡಿ. ಎರಡು ಮೂರು ಚುಕ್ಕೆ ಸಾಕು, ಅದೂ ಕಿಟಕಿ ಕಡೆ ಇರೋ ಸುತ್ತುಗಳ ಮೇಲೆ ಮಾತ್ರ, ಪ್ರತಿ ಸುತ್ತಿಗೂ ಬಿಳಿ ಹಚ್ಚಿದ್ರೆ ಅದು ಪ್ಲಾಸ್ಟಿಕ್ ಜಿಲೇಬಿ.