ಬಲೂನ್ ಹಾಕಿದ ಮೇಲೆ ನಾನು ಗಾಯ ನೋಡುತ್ತೇನೆ

ಕಾಲಿನ ರಕ್ತನಾಳದ ಬ್ಲಾಕ್ ಬಿಡಿಸುವ ಕೆಲಸಕ್ಕೆ ಇಳಿದ ಹೊಸದರಲ್ಲಿ, ಮಾನಿಟರ್ ಮೇಲೆ ತೊಡೆಯ ನಾಳದಲ್ಲಿ ಡೈ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ದ್ರವ) ಸರಾಗವಾಗಿ ಹರಿದರೆ ಸಾಕು, ನನಗೆ ಕೆಲಸ ಮುಗಿದಂತೆ. ಅದು ತಪ್ಪು ಅಂತ ಗೊತ್ತಾಗಿದ್ದು ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿಂದ. ತೊಡೆ ಸಂದಿನಲ್ಲಿ ಸಣ್ಣ ತೂತು ಮಾಡಿ, ವೈರ್ ದಾಟಿಸಿ, ಉದ್ದದ ಬ್ಲಾಕನ್ನು ನಾಳದೊಳಗೆ ಬಲೂನ್ ಉಬ್ಬಿಸಿ ಬಿಡಿಸಿದ್ದೆ. ಮರುದಿನವೇ ಮನೆಗೆ ಹೋದರು. ಆದರೆ ಹೆಬ್ಬೆರಳಿನ ಗಾಯ ಎಂಟು ವಾರವಾದರೂ ಮಾಗಲಿಲ್ಲ. ಮತ್ತೆ ಆಂಜಿಯೋಗ್ರಾಮ್ ಮಾಡಿದಾಗ, ಮಂಡಿ ಕೆಳಗಿನ ಮೂರು ನಾಳಗಳಲ್ಲಿ ಒಂದೂ ಆ ಬೆರಳಿಗೆ ಸರಿಯಾಗಿ ರಕ್ತ ಒಯ್ಯುತ್ತಿರಲಿಲ್ಲ. ಬೆರಳಿಗೆ ಹೋಗುವ ನಾಳವನ್ನು ನಾನು ಮೊದಲ ಸಲವೇ ಬಿಡಿಸಬೇಕಿತ್ತು. ಎರಡನೇ ಸಲ ಬಿಡಿಸಿದೆ. ಬೆರಳು ಹೋಯಿತು, ಪಾದ ಉಳಿಯಿತು.

ಈ ಚಿಕಿತ್ಸೆ ಹುಟ್ಟಿದ್ದೇ ಒಂದು ಕಾಲು ಉಳಿಸಲು. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಡಾಟರ್ ಅವರು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯ ತೊಡೆಯ ನಾಳವನ್ನು ಕ್ಯಾಥೆಟರ್ ಎಂಬ ತೆಳು ಕೊಳವೆಯಿಂದಲೇ ಅಗಲ ಮಾಡಿದರು. ಬಲೂನ್ ಆಗಿನ್ನೂ ಬಂದಿರಲಿಲ್ಲ. ಆ ಅಜ್ಜಿ ತಮ್ಮ ಕಾಲಿನ ಮೇಲೆಯೇ ಓಡಾಡಿಕೊಂಡಿದ್ದರು.

ಫಲಿತಾಂಶ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಸೊಂಟದ ಮಟ್ಟದ ನಾಳಕ್ಕೆ ಸ್ಟೆಂಟ್ (ನಾಳ ತೆರೆದಿಡುವ ಲೋಹದ ಬಲೆ) ಹಾಕಿದರೆ ಸಾಮಾನ್ಯವಾಗಿ ವರ್ಷಗಟ್ಟಲೆ ತೆರೆದಿರುತ್ತದೆ. ತೊಡೆಯ ನಾಳ ಮತ್ತೆ ಕಟ್ಟುವುದು ಜಾಸ್ತಿ. ಮಂಡಿ ಕೆಳಗಿನದು ಕೆಲವೇ ತಿಂಗಳಲ್ಲಿ ಕಟ್ಟಿದರೂ ಆಶ್ಚರ್ಯವಿಲ್ಲ. ಹಾಗಾದರೆ ಮಾಡಿ ಏನು ಪ್ರಯೋಜನ ಅಂತ ಮನೆಯವರು ಕೇಳುತ್ತಾರೆ. ಮಾಗುತ್ತಿರುವ ಗಾಯಕ್ಕೆ ಬೇಕಾದಷ್ಟು ರಕ್ತ ಮಾಗಿದ ಚರ್ಮಕ್ಕೆ ಬೇಡ. ಆ ಕೆಲವು ತಿಂಗಳಲ್ಲಿ ಗಾಯ ಮುಚ್ಚಿದರೆ ಎಷ್ಟೋ ಸಲ ಪಾದ ಉಳಿಯುತ್ತದೆ.

ಹಾಗಂತ ಎಲ್ಲರಿಗೂ ಬಲೂನ್ ಅಲ್ಲ. ಕಾಲು ಉಳಿಸುವ ಪ್ರಶ್ನೆ ಬಂದಾಗ ಕಾಲಿನಲ್ಲಿ ಒಳ್ಳೆಯ ಅಭಿಧಮನಿ ಇದ್ದವರಿಗೆ, ಅದನ್ನೇ ಬಳಸಿ ಬ್ಲಾಕ್ ದಾಟಿಸಿ ರಕ್ತ ಒಯ್ಯುವ ಬೈಪಾಸ್ ಆಪರೇಷನ್ ವಾಸಿ ಅಂತ 2022ರ ಬೆಸ್ಟ್-ಸಿಎಲ್‌ಐ ಅಧ್ಯಯನ ತೋರಿಸಿತು. ಮಂಡಿ ಕೆಳಗಿನ ಬ್ಲಾಕ್ ಇದ್ದವರಲ್ಲಿ 2023ರ ಬೇಸಿಲ್-2 ಅಧ್ಯಯನ ಬಲೂನಿನ ಕಡೆಗೇ ವಾಲಿತು. ಹಾಗಾಗಿ ಈಗ ಅಭಿಧಮನಿಯನ್ನೂ ಸ್ಕ್ಯಾನ್ ಮಾಡಿಸಿ, ಆಮೇಲೆ ತೀರ್ಮಾನ ಮಾಡುತ್ತೇನೆ. ನಡೆದಾಗ ಮಾತ್ರ ಮೀನಖಂಡ ಹಿಡಿಯುವವರಿಗೆ ಮೊದಲು ಮೂರು ತಿಂಗಳು ನಡಿಗೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಸಿಗರೇಟು ಬಿಡುವುದು. ಸುಮ್ನೆ ತೂತು ಮಾಡುವುದಿಲ್ಲ.

ಇನ್ನೊಂದು ಪಾಠ: ಕೈ ಮತ್ತು ಹಿಮ್ಮಡಿ ಗಂಟಿನ ಬಿಪಿ ಹೋಲಿಸುವ ಎಬಿಐ ಪರೀಕ್ಷೆ 0.9ಕ್ಕಿಂತ ಮೇಲೆ, ಅಂದರೆ ಸರಿ ಅನ್ನುವ ಮಟ್ಟದಲ್ಲಿ, ಇದ್ದರೂ ಸಕ್ಕರೆ ಕಾಯಿಲೆಯವರಲ್ಲಿ ನಂಬುವಂತಿಲ್ಲ. ನಾಳ ಸುಣ್ಣಗಟ್ಟಿ ಗಟ್ಟಿಯಾಗಿ, ಬಿಪಿ ಸುಳ್ಳುಸುಳ್ಳೇ ಜಾಸ್ತಿ ತೋರಿಸುತ್ತದೆ. ಅವರಿಗೆ ಕಾಲ್ಬೆರಳಿನ ಬಿಪಿ ನೋಡುತ್ತೇನೆ.

ಫಾಲೋ-ಅಪ್‌ಗೆ ಬಂದವರಿಗೆ ಈಗ ಮೊದಲು ಹೇಳುವುದು, ಸಾಕ್ಸ್ ತೆಗೆಯಿರಿ ಅಂತ. ಸ್ಕೇಲ್ ಇಟ್ಟು ಗಾಯ ಅಳೆದು ಬರೆದುಕೊಳ್ಳುತ್ತೇನೆ. ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆ ಆಮೇಲೆ.